ಮರೀನಾದಲ್ಲಿ ಕಟ್ಟಿದ ದೋಣಿ, ಲಂಗರಿನ ಮೇಲೆ ನಿಂತ ದೋಣಿ

(ಹಾಯಿದೋಣಿಯಲ್ಲೇ ಮನೆ ಮಾಡಬೇಕು ಅಂತ ಯೋಚಿಸುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೋಣಿಯಲ್ಲಿ ವಾಸ ಅಂದ ತಕ್ಷಣ ಎರಡು ಚಿತ್ರ ಕಣ್ಣ ಮುಂದೆ ಬರುತ್ತವೆ, ಅಲ್ವಾ? ಒಂದು ಮರೀನಾ. ದೋಣಿಗಳು ಸಾಲಾಗಿ ಕಟ್ಟಿಕೊಂಡಿವೆ, ಪಕ್ಕದಲ್ಲೇ ಕರೆಂಟಿನ ಕಂಬ, ನಲ್ಲಿ, ಸ್ನಾನದ ಮನೆ, ಗೇಟಿಗೆ ಬೀಗ. ಇನ್ನೊಂದು, ಕೊಲ್ಲಿಯ ನಡುವೆ ಲಂಗರು ಹಾಕಿ ನಿಂತ ಒಂಟಿ ದೋಣಿ. ಮೊದಲನೆಯದು ಸುರಕ್ಷಿತ, ಆದರೆ ಬೋರು. ಎರಡನೆಯದು ಚೆಂದ, ಆದರೆ ಅಪಾಯ. ಹೀಗೆ ಮನಸ್ಸಲ್ಲೇ ತೀರ್ಪು ಕೊಟ್ಟುಬಿಟ್ಟಿರುತ್ತೇವೆ.

ಈ ತೀರ್ಪು ಅರ್ಧ ಮಾತ್ರ ಸರಿ ಅನ್ನೋದು ನನ್ನ ವಾದ. ಅಪಾಯ ಎರಡೂ ಕಡೆ ಇದೆ. ಲಂಗರಿನ ಮೇಲೆ ಬರುವ ತೊಂದರೆ ಸದ್ದು ಮಾಡಿಕೊಂಡೇ ಬರುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಹಾಗಾಗಿ ನಾವು ಅದಕ್ಕೆ ಹೆದರುತ್ತೇವೆ. ಮರೀನಾದ ತೊಂದರೆಗೆ ಸದ್ದಿಲ್ಲ. ಅದು ನೀರಿನ ಕೆಳಗೆ, ಪ್ಲಗ್ಗಿನ ಒಳಗೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತಾ ಇರುತ್ತದೆ. ಹೆದರಿಕೆ ಕಡಿಮೆ ಇರೋದರಿಂದ ನೋಡುವವರೂ ಕಡಿಮೆ.

ಮರೀನಾದಿಂದಲೇ ಶುರು ಮಾಡೋಣ. ಡಾಕ್‌ನ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಕಂಬದಿಂದ ಕೇಬಲ್ ಎಳೆದು ದೋಣಿಗೆ ಸಿಕ್ಕಿಸಿದರೆ ಎಲ್ಲ ಮನೆಯ ಹಾಗೇ ನಡೆಯುತ್ತದೆ. ಯುರೋಪಿನಲ್ಲಿ ಸಾಮಾನ್ಯವಾಗಿ 230 ವೋಲ್ಟ್, 16 ಆಂಪ್. ಅಮೆರಿಕದಲ್ಲಿ 120 ವೋಲ್ಟ್, 30 ಆಂಪ್. ಗುಣಿಸಿ ನೋಡಿದರೆ ಎರಡೂ ಕಡೆ ಸಿಗೋದು ಸುಮಾರು 3.6 ಕಿಲೋವ್ಯಾಟ್. ಚಳಿಗಾಲದಲ್ಲಿ ಒಂದು ಹೀಟರ್, ನೀರು ಕಾಯಿಸುವ ಬಾಯ್ಲರ್, ಬ್ಯಾಟರಿ ಚಾರ್ಜರ್ ಒಟ್ಟಿಗೆ ಹಾಕಿದರೆ ಆ ಮಿತಿಯ ಹತ್ತಿರ ಹೋಗುತ್ತೀರಿ, ಮತ್ತು ರಾತ್ರಿಯಿಡೀ ಅಲ್ಲೇ ಇರುತ್ತೀರಿ. ಅಂಥ ರಾತ್ರಿಯ ಮಾರನೇ ದಿನ ಕಂಬದ ಸ್ವಿಚ್ ಆಫ್ ಮಾಡಿ, ದೋಣಿ ಕಡೆಯ ಪ್ಲಗ್ಗು ಕಿತ್ತು ನೋಡಿ. ಮೂರು ಪಿನ್ನುಗಳೂ ಒಂದೇ ಬಣ್ಣದಲ್ಲಿವೆಯಾ? ಇಲ್ಲಾ ಒಂದರ ಬುಡದಲ್ಲಿ ಮಾತ್ರ ಕಂದು ಕಲೆ ಇದೆಯಾ? ಅದರ ಸುತ್ತಲಿನ ಪ್ಲಾಸ್ಟಿಕ್ ಕೊಂಚ ಉಬ್ಬಿದೆಯಾ, ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಇದೆಯಾ? ಉಪ್ಪುಗಾಳಿಗೆ ಪಿನ್ನಿನ ಮೇಲೆ ಪದರ ಕಟ್ಟುತ್ತದೆ. ದೋಣಿ ಅಲುಗಾಡಿದಾಗೆಲ್ಲ ಕೇಬಲ್ಲಿನ ಭಾರ ಪ್ಲಗ್ಗನ್ನು ಎಳೆಯುತ್ತದೆ. ಸಂಪರ್ಕ ಸಡಿಲ ಆದಲ್ಲಿ ಬಿಸಿ ಏರುತ್ತದೆ. ಬ್ರೇಕರ್ ಇದನ್ನು ಹಿಡಿಯೋದಿಲ್ಲ, ಯಾಕಂದರೆ ಹರಿಯುತ್ತಿರುವ ಕರೆಂಟು ಮಿತಿಯ ಒಳಗೇ ಇದೆ. ಪಕ್ಕದ ದೋಣಿ ಇರೋದು ಕೈ ಚಾಚುವಷ್ಟು ದೂರದಲ್ಲಿ, ಅದರ ಫೈಬರ್‌ಗ್ಲಾಸ್ ಒಡಲು ಹೊತ್ತಿಕೊಳ್ಳಲು ತಡ ಮಾಡೋದಿಲ್ಲ. ಹಾಗಾಗಿ ಮರೀನಾದಲ್ಲಿ ನಿಮ್ಮ ಪ್ಲಗ್ಗಷ್ಟೇ ಅಲ್ಲ, ಪಕ್ಕದವರ ಪ್ಲಗ್ಗೂ ನಿಮ್ಮ ತಲೆನೋವೇ.

ಅದೇ ಕೇಬಲ್ಲಿನಲ್ಲಿ ಇನ್ನೊಂದು ಕಥೆ ಇದೆ. ದೋಣಿಯ ಪ್ರೊಪೆಲ್ಲರು, ಶಾಫ್ಟು ಎಲ್ಲ ಉಪ್ಪುನೀರಿನಲ್ಲಿ ಮುಳುಗಿರುವ ಬೇರೆ ಬೇರೆ ಲೋಹಗಳು. ಇವುಗಳ ಬದಲು ತಾನು ಸವೆಯಲಿ ಅಂತ ಸತುವಿನ ಒಂದು ತುಂಡು ಕಟ್ಟಿರುತ್ತೇವೆ. ಆನೋಡ್ ಅನ್ನೋದು ಅದನ್ನೇ. ಈಗ ಕೇಬಲ್ಲಿನ ಅರ್ಥ್ ತಂತಿ ಏನು ಮಾಡುತ್ತದೆ? ಡಾಕ್‌ಗೆ ಕರೆಂಟು ಸಿಕ್ಕಿಸಿದ ಎಲ್ಲ ದೋಣಿಗಳನ್ನೂ ಒಂದಕ್ಕೊಂದು ಜೋಡಿಸಿಬಿಡುತ್ತದೆ. ಪಕ್ಕದವರ ಸತು ಮುಗಿದು ಅವರು ಬದಲಿಸದೆ ಕೂತರೆ, ನಿಮ್ಮ ಸತು ಸುಮ್ನೆ ಅವರ ಪ್ರೊಪೆಲ್ಲರನ್ನೂ ಕಾಯತೊಡಗುತ್ತದೆ. ವರ್ಷ ಬರಬೇಕಾದ ಆನೋಡ್ ಕೆಲವೇ ತಿಂಗಳಲ್ಲಿ ಕರಗುತ್ತದೆ, ಆಮೇಲೆ ನಿಮ್ಮ ಲೋಹದ ಸರದಿ. ಇದಕ್ಕೆ ಗ್ಯಾಲ್ವಾನಿಕ್ ಐಸೊಲೇಟರ್ ಅಂತ ಒಂದು ಪೆಟ್ಟಿಗೆ ಸಿಗುತ್ತದೆ. ಒಳಗಿನ ಡಯೋಡುಗಳು ಸುಮಾರು ಒಂದು ವೋಲ್ಟಿನ ಆಸುಪಾಸಿನ ಡಿಸಿ ಸೋರಿಕೆಯನ್ನು ತಡೆಯುತ್ತವೆ, ನಿಜವಾದ ಎಸಿ ದೋಷ ಬಂದಾಗ ದಾರಿ ಬಿಡುತ್ತವೆ. ಮರೀನಾದಲ್ಲಿ ವಾಸ ಮಾಡುವವರು ಹಾಸಿಗೆ, ಪರದೆಗಿಂತ ಮೊದಲು ಹಾಕಿಸಬೇಕಾದದ್ದು ಇದು. ಕೆಲವರು ಜಾಣತನ ಮಾಡಿ ಅರ್ಥ್ ತಂತಿಯನ್ನೇ ಕತ್ತರಿಸುತ್ತಾರೆ. ದಯವಿಟ್ಟು ಮಾಡಬೇಡಿ, ಅದು ಜೀವ ಕಾಯುವ ತಂತಿ. ಯಾವುದೋ ದೋಣಿಯಿಂದ ಎಸಿ ನೀರಿಗೆ ಸೋರಿದರೆ ಈಜುತ್ತಿರುವವರ ಕೈಕಾಲು ಹಿಡಿದುಕೊಂಡುಬಿಡುತ್ತದೆ. ಸಿಹಿನೀರಿನಲ್ಲಿ ಇದು ಇನ್ನೂ ಕೆಟ್ಟದ್ದು, ಯಾಕಂದರೆ ಕರೆಂಟಿಗೆ ಆ ನೀರಿಗಿಂತ ನಮ್ಮ ಮೈಯೇ ಸುಲಭದ ದಾರಿ. ನೀರು ಎಷ್ಟೇ ತಿಳಿಯಾಗಿ ಕಂಡರೂ ಮರೀನಾದೊಳಗೆ ಈಜಬೇಡಿ, ಮಕ್ಕಳನ್ನೂ ಇಳಿಸಬೇಡಿ.

ಇಷ್ಟೆಲ್ಲ ಹೇಳಿದರೂ ನನಗೆ ಮರೀನಾದ ದೊಡ್ಡ ತೊಂದರೆ ಅನ್ನಿಸೋದು ಕರೆಂಟಲ್ಲ, ದೋಣಿ ಕದಲದೇ ಇರೋದು. ಮೊದಲ ತಿಂಗಳು ಎಲ್ಲರೂ ಹಾಯಿ ಬಿಚ್ಚುತ್ತಾರೆ. ಆಮೇಲೆ ಡೆಕ್ಕಿಗೆ ಒಂದು ಸೈಕಲ್ ಬರುತ್ತದೆ, ಒಂದೆರಡು ಗಿಡದ ಕುಂಡ ಬರುತ್ತವೆ, ಡೆಕ್ಕಿನ ಮುಚ್ಚಳದ ಬಾಗಿಲು, ಅಂದರೆ ಹ್ಯಾಚಿನ ಮೇಲೆ ಏಸಿ ಕೂರುತ್ತದೆ, ಹೊರಡಬೇಕಂದರೆ ಇದನ್ನೆಲ್ಲ ಎತ್ತಿಡಲು ಅರ್ಧ ದಿನ ಬೇಕು, ಹಾಗಾಗಿ ಹೊರಡೋದಿಲ್ಲ. ಹೊರಡದ ದೋಣಿಗೆ ಏನಾಗುತ್ತದೆ ಗೊತ್ತಾ? ನಿಂತ, ಬೆಚ್ಚಗಿನ ನೀರಿನಲ್ಲಿ ಪ್ರೊಪೆಲ್ಲರಿಗೆ ಚಿಪ್ಪಿನ ಜೀವಿಗಳು ಮುತ್ತಿಕೊಳ್ಳುತ್ತವೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ತೇವ ಕೂತು, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಆಗುತ್ತದೆ. ಅದು ತಳದಲ್ಲಿ ಇರುವಷ್ಟು ದಿನ ಏನೂ ಗೊತ್ತಾಗೋದಿಲ್ಲ. ಅಲೆಯಲ್ಲಿ ದೋಣಿ ಕುಲುಕಿದ ದಿನ ಎದ್ದುಬಂದು ಫಿಲ್ಟರ್ ಕಟ್ಟುತ್ತದೆ, ಅಂದರೆ ಎಂಜಿನ್ ಅತಿ ಹೆಚ್ಚು ಬೇಕಾದ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಎಂಜಿನ್ನನ್ನು ತಂಪು ಮಾಡುವ ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳು ಮಡಚಿದ ಹಾಗೇ ಗಟ್ಟಿಯಾಗುತ್ತವೆ. ಒಡಲಿನ ತೂತು ಮುಚ್ಚುವ ಸೀಕಾಕ್‌ಗಳು ತಿರುಗದೆ ಕಚ್ಚಿಕೊಳ್ಳುತ್ತವೆ. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಯಂತ್ರ ಇದ್ದರೆ ಅದನ್ನೂ ಅಲ್ಲಿ ಓಡಿಸುವ ಹಾಗಿಲ್ಲ, ಬಂದರಿನ ನೀರಿನ ಎಣ್ಣೆ ಅದರ ಸೋಸುವ ಪೊರೆಯನ್ನು, ಅಂದರೆ ಮೆಂಬ್ರೇನನ್ನು, ಹಾಳು ಮಾಡುತ್ತದೆ. ದೋಣಿ ಮಾತ್ರ ನೋಡಲು ಅಚ್ಚುಕಟ್ಟಾಗಿ, ತೊಳೆದಿಟ್ಟ ಹಾಗೆ ಇರುತ್ತದೆ.

ಗಾಳಿಯ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಕಟ್ಟಿದ ದೋಣಿ ಗಾಳಿಗೆ ಮುಖ ತಿರುಗಿಸಲಾರದು. ಪಕ್ಕದಿಂದ ಬೀಸಿದರೆ ರಾತ್ರಿಯಿಡೀ ಡಾಕ್‌ಗೆ ಒತ್ತಿಕೊಂಡು ನಡುವಿನ ಮೆತ್ತೆ, ಅಂದರೆ ಫೆಂಡರ್, ಕೀರಲು, ಹಗ್ಗ ಉಜ್ಜಲು ಶುರು. ಸೆಕೆಯಲ್ಲಂತೂ ಒಳಗೆ ಗಾಳಿಯೇ ಆಡೋದಿಲ್ಲ. ಲಂಗರಿನ ಮೇಲಿನ ದೋಣಿ ತಾನಾಗಿ ಗಾಳಿಯ ಕಡೆ ಮೂತಿ ಮಾಡುತ್ತದೆ, ಮುಂದಿನ ಹ್ಯಾಚ್ ತೆರೆದಿಟ್ಟರೆ ಗಾಳಿ ಒಳಗೆಲ್ಲ ಹಾದು ಹಿಂದಿನಿಂದ ಹೋಗುತ್ತದೆ. ಬಿಸಿ ಪ್ರದೇಶಗಳಲ್ಲಿ ಈ ಒಂದೇ ಕಾರಣಕ್ಕೆ ಲಂಗರು ಆರಿಸಿಕೊಂಡವರಿದ್ದಾರೆ. ಇನ್ನು ಮರೀನಾ ಅಂದರೆ ಎಲ್ಲ ಕಾಲಕ್ಕೂ ಕೋಟೆ ಅಂದುಕೊಳ್ಳಬೇಡಿ. 2011ರ ಮಾರ್ಚ್ 11ರಂದು ಜಪಾನಿನ ಭೂಕಂಪದಿಂದ ಎದ್ದ ಸುನಾಮಿ ಇಡೀ ಪೆಸಿಫಿಕ್ ದಾಟಿ ಬಂದಾಗ ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿ ಮತ್ತು ಸಾಂತಾ ಕ್ರೂಜ್ ಬಂದರುಗಳಲ್ಲಿ ಡಾಕ್‌ಗಳೇ ಮುರಿದವು, ಕಟ್ಟಿದ್ದ ದೋಣಿಗಳು ಒಂದಕ್ಕೊಂದು ಬಡಿದುಕೊಂಡು ಮುಳುಗಿದವು. ಇದು ಅಪರೂಪದ ಘಟನೆ, ಒಪ್ಪುತ್ತೇನೆ. ಚಂಡಮಾರುತ ಅಪರೂಪ ಅಲ್ಲ. ಉಕ್ಕಿದ ನೀರು ತೇಲುವ ಡಾಕ್‌ಗಳನ್ನು ಅವುಗಳನ್ನು ಹಿಡಿದಿಟ್ಟ ಕಂಬಕ್ಕಿಂತ ಮೇಲೆ ಎತ್ತಿದರೆ ಡಾಕ್ ಸಮೇತ ದೋಣಿಗಳು ಹೊರಡುತ್ತವೆ. ಮರೀನಾ ನೋಡಲು ಹೋದಾಗ ಆ ಕಂಬಗಳು ನೀರಿನಿಂದ ಎಷ್ಟು ಎತ್ತರ ಇವೆ ಅಂತ ಒಮ್ಮೆ ಕತ್ತು ಎತ್ತಿ ನೋಡಿ.

ಈಗ ಲಂಗರು. ನೀವೆಲ್ಲ ಕಾಯುತ್ತಿದ್ದ ಭಾಗ ಇದೇ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ.

ದೋಣಿಯನ್ನು ಹಿಡಿದು ನಿಲ್ಲಿಸೋದು ಲಂಗರಿನ ತೂಕ ಅಂತ ಬಹಳ ಜನ ತಿಳಿದಿದ್ದಾರೆ. ತೂಕದ ಪಾಲು ಕಡಿಮೆ. ಲಂಗರು ತಳದೊಳಗೆ ಹೂತುಕೊಳ್ಳಬೇಕು, ಹೂತುಕೊಳ್ಳಬೇಕಂದರೆ ಅದನ್ನು ಎಳೆಯುವ ಬಲ ಅಡ್ಡಡ್ಡವಾಗಿ ಬರಬೇಕು, ಮೇಲಕ್ಕೆ ಅಲ್ಲ. ಅದಕ್ಕೇ ಅಷ್ಟು ಉದ್ದ ಸರಪಳಿ ಬಿಡೋದು. ಲೆಕ್ಕ ಹೀಗೆ: ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಉಬ್ಬರದಲ್ಲಿ ಇನ್ನೂ 2 ಮೀಟರ್ ಏರುತ್ತದೆ. ಒಟ್ಟು 8. ಮಾಮೂಲಿ ರಾತ್ರಿಗೆ ಅದರ ಐದು ಪಟ್ಟು, ಅಂದರೆ 40 ಮೀಟರ್. ಜೋರು ಗಾಳಿ ಬರುವ ಹಾಗಿದ್ದರೆ ಏಳು ಪಟ್ಟು ಅಥವಾ ಇನ್ನೂ ಜಾಸ್ತಿ. ಆಳವನ್ನು ಎಲ್ಲರೂ ನೋಡುತ್ತಾರೆ, ಮೂತಿಯ ಎತ್ತರ ಮತ್ತು ಉಬ್ಬರ ಲೆಕ್ಕದಿಂದ ಜಾರಿಹೋಗುತ್ತವೆ. ಮಧ್ಯಾಹ್ನ ಇಳಿತದಲ್ಲಿ ಸರಿಯಿದ್ದ ಸರಪಳಿ ನಡುರಾತ್ರಿ ಉಬ್ಬರದಲ್ಲಿ ಗಿಡ್ಡ ಆಗಿರುತ್ತದೆ.

ಗಾಳಿಯ ಬಲ ವೇಗದ ವರ್ಗದಷ್ಟು ಏರುತ್ತದೆ. 15 ನಾಟ್ ಇದ್ದದ್ದು 30 ಆದರೆ ಎಳೆತ ದುಪ್ಪಟ್ಟಲ್ಲ, ನಾಲ್ಕು ಪಟ್ಟು. 10 ಮಿಲಿಮೀಟರ್ ಸರಪಳಿ ಮೀಟರಿಗೆ 2.3 ಕಿಲೋ ತೂಗುತ್ತದೆ, 40 ಮೀಟರ್ ಅಂದರೆ 90 ಕಿಲೋ ದಾಟಿತು. ಸಾಧಾರಣ ಗಾಳಿಯಲ್ಲಿ ಈ ಭಾರ ಜೋತುಬಿದ್ದು ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಬಿರುಗಾಳಿಯಲ್ಲಿ ಅದೇ ಸರಪಳಿ ಬಹುಮಟ್ಟಿಗೆ ನೆಟ್ಟಗಾಗಿಬಿಡುತ್ತದೆ, ಆಮೇಲೆ ಪ್ರತಿ ಜಗ್ಗೂ ನೇರ ಲಂಗರಿಗೆ ಮತ್ತು ದೋಣಿಯ ಮೂತಿಗೆ. ಅದಕ್ಕೇ ಸರಪಳಿಗೆ ಸ್ನಬ್ಬರ್ ಅಂತ ಒಂದು ನೈಲಾನ್ ಹಗ್ಗ ಕಟ್ಟಿ, ಭಾರವನ್ನು ಅದರ ಮೇಲೆ ಬಿಡೋದು. ನೈಲಾನ್ ಹಿಗ್ಗುತ್ತದೆ. ವಿಂಡ್ಲಾಸ್ ಯಂತ್ರದ ಹಲ್ಲಿನ ಮೇಲೆ ರಾತ್ರಿಯ ಭಾರ ಬಿಟ್ಟು ಮಲಗುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಅದು ಸರಪಳಿ ಎತ್ತಲು ಇರುವ ಯಂತ್ರ, ಹಿಡಿದು ನಿಲ್ಲಲು ಇರುವುದಲ್ಲ.

ಲಂಗರಿನ ಆಕಾರದ ಬಗ್ಗೆ ದೋಣಿಯವರು ಜಗಳ ಆಡಿದಷ್ಟು ಇನ್ನಾವುದಕ್ಕೂ ಆಡೋದಿಲ್ಲ. ಒಂದು ಚೂರು ಇತಿಹಾಸ ಹೇಳುತ್ತೇನೆ, ಯಾಕಂದರೆ ನನಗೆ ಇಷ್ಟ. ದ್ರವಗಳ ಹರಿವಿನ ಗಣಿತದಲ್ಲಿ ಬಹಳ ದೊಡ್ಡ ಹೆಸರಾದ ಬ್ರಿಟಿಷ್ ವಿಜ್ಞಾನಿ ಜಿ. ಐ. ಟೇಲರ್ ಹಾಯಿದೋಣಿಯ ಹುಚ್ಚಿನವರೂ ಹೌದು. ನೀರಿನ ಮೇಲಿಳಿಯುವ ವಿಮಾನಗಳಿಗೆ ಹಗುರಾದ ಲಂಗರು ಬೇಕಿತ್ತು. 1933ರಲ್ಲಿ ಅವರು ನೇಗಿಲಿನ ಆಕಾರದ ಸಿಕ್ಯೂಆರ್ ಲಂಗರು ಮಾಡಿದರು. ಮುಂದೆ ದಶಕಗಳ ಕಾಲ ಹಾಯಿದೋಣಿಗಳ ಮೂತಿಯಲ್ಲಿ ಅದೇ ಇತ್ತು. 1990ರ ದಶಕದಿಂದ ಈಚೆಗೆ ಬಂದ ಸ್ಪೇಡ್, ರೋಕ್ನಾ ತರಹದವು ಅದಕ್ಕಿಂತ ಬೇಗ ಕಚ್ಚುತ್ತವೆ, ಗಾಳಿ ದಿಕ್ಕು ಬದಲಿಸಿದಾಗ ಮತ್ತೆ ತಾವೇ ಕಚ್ಚಿಕೊಳ್ಳುವುದರಲ್ಲೂ ಮೇಲು. ಲಂಗರಿನ ಮೇಲೆ ವಾಸ ಮಾಡುವವರಿಗೆ ಈ ಎರಡನೇ ಗುಣ ಮುಖ್ಯ. ಒಂದು ರಾತ್ರಿ ತಂಗುವವರಿಗೆ ಗಾಳಿ ಬದಲಾಗದೇ ಇರಬಹುದು, ಒಂದು ತಿಂಗಳು ಇರುವವರಿಗೆ ಬದಲಾಗಿಯೇ ಆಗುತ್ತದೆ.

ಲಂಗರು ಕಚ್ಚಿದೆಯೋ ಇಲ್ಲವೋ ತಿಳಿಯೋದು ಹೇಗೆ? ಕೈಯಿಂದ. ಸರಪಳಿ ಬಿಟ್ಟು ಮುಗಿಸಿ, ದೋಣಿ ಹಿಂದಕ್ಕೆ ಜರುಗಿ ಸರಪಳಿ ಬಿಗಿಯಾಗುವವರೆಗೆ ಕಾಯಬೇಕು. ಆಮೇಲೆ ಎಂಜಿನ್ನನ್ನು ರಿವರ್ಸಿನಲ್ಲಿ ಮೆಲ್ಲಗೆ ಏರಿಸುತ್ತಾ ಹೋಗಬೇಕು. ಈ ಹೊತ್ತಿನಲ್ಲಿ ಒಬ್ಬರು ಮೂತಿಯಲ್ಲಿ ಕೂತು, ಸರಪಳಿ ಹಾದುಹೋಗುವ ರೋಲರಿಗೆ ಬೆರಳು ಸಿಗದ ಹಾಗೆ ಅದರ ಆಚೆಗೆ, ಸರಪಳಿಯ ಮೇಲೆ ಅಂಗೈ ಇಡಬೇಕು. ಲಂಗರು ಜಾರುತ್ತಿದ್ದರೆ ಕೈಗೆ ಗಡಗಡ ಅಂತ ನಡುಕ ಬರುತ್ತದೆ, ನಡುನಡುವೆ ಹಿಡಿದು ಬಿಟ್ಟ ಹಾಗೆ ಜಗ್ಗು. ಕಚ್ಚಿದ್ದರೆ ಸರಪಳಿ ಬಿಗಿದು, ಅಲುಗದೆ, ಕಬ್ಬಿಣದ ಸರಳಿನ ಹಾಗೆ ಆಗುತ್ತದೆ. ಇನ್ನೊಬ್ಬರು ದಡದಲ್ಲಿ ಒಂದರ ಹಿಂದೊಂದು ಇರುವ ಎರಡು ಗುರುತು ಹಿಡಿಯಬೇಕು, ಒಂದು ಮರ ಮತ್ತು ಅದರ ಹಿಂದಿನ ಗೋಪುರ ಅಂತಿಟ್ಟುಕೊಳ್ಳಿ. ಅವೆರಡೂ ಒಂದೇ ಸಾಲಿನಲ್ಲಿ ನಿಂತೇ ಇದ್ದರೆ ಸರಿ. ನೀರು ತಿಳಿಯಾಗಿದ್ದರೆ ಕನ್ನಡಕ ಹಾಕಿ ಧುಮುಕಿ ಕಣ್ಣಾರೆ ನೋಡಿ ಬರೋದಕ್ಕೆ ಸಮ ಇಲ್ಲ. ಲಂಗರಿನ ಹಿಡಿ ಮಾತ್ರ ಮರಳಿನ ಮೇಲೆ ಕಾಣಬೇಕು, ಅಲಗು ಪೂರ್ತಿ ಹೂತಿರಬೇಕು.

ಆಮೇಲೆ ಅಲಾರಂ. ಫೋನಿನ ಜಿಪಿಎಸ್ ಆಪ್‌ನಲ್ಲಿ ಒಂದು ವೃತ್ತ ಹಾಕಿಟ್ಟರೆ ದೋಣಿ ಅದರಾಚೆ ಹೋದಾಗ ಕೂಗುತ್ತದೆ. ವೃತ್ತದ ಕೇಂದ್ರ ಲಂಗರು ಬಿದ್ದ ಜಾಗ ಆಗಬೇಕು, ಈಗ ದೋಣಿ ಇರುವ ಜಾಗ ಅಲ್ಲ. 40 ಮೀಟರ್ ಸರಪಳಿ, 12 ಮೀಟರ್ ದೋಣಿ ಅಂದರೆ ನೀವು ಸುತ್ತಾಡುವ ವೃತ್ತದ ಅಡ್ಡಗಲ 100 ಮೀಟರ್ ಹತ್ತಿರ. ಇಂದು ನಾವು ನೆಮ್ಮದಿಯಾಗಿ ಮಲಗುವ ಈ ಉಪಾಯವನ್ನು 2000ನೇ ಇಸವಿ ಮೇ ತಿಂಗಳ ಮುಂಚೆ ನೆಚ್ಚುವ ಹಾಗಿರಲಿಲ್ಲ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು, ತಪ್ಪು 100 ಮೀಟರ್‌ವರೆಗೂ ಹೋಗುತ್ತಿತ್ತು. ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದ ಮೇಲೆ ಈ ಅಲಾರಂಗೆ ಅರ್ಥ ಬಂತು. ರಾತ್ರಿ ಕೂವೆಕಂಬದ ತುದಿಯಲ್ಲಿ ಸುತ್ತ ಕಾಣುವ ಒಂದು ಬಿಳಿ ದೀಪ, ಹಗಲಲ್ಲಿ ಮುಂಭಾಗದಲ್ಲಿ ಒಂದು ಕಪ್ಪು ಚೆಂಡು. ಇದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 30ನೇ ನಿಯಮ. ದೀಪ ಎಲ್ಲರೂ ಹಚ್ಚುತ್ತಾರೆ, ಚೆಂಡು ಬಹಳ ಜನ ಲಾಕರಿನಲ್ಲೇ ಇಟ್ಟಿರುತ್ತಾರೆ.

ಇಷ್ಟು ಕಷ್ಟ ಯಾಕೆ ಅಂತ ಕೇಳುತ್ತೀರಿ. ನನ್ನ ಉತ್ತರ ಮೊದಲು ಹೇಳಿದ್ದಕ್ಕೇ ಸೇರುತ್ತದೆ. ಲಂಗರಿನ ಮೇಲೆ ಏನು ಕೆಟ್ಟರೂ ಅದೇ ದಿನ ಗೊತ್ತಾಗುತ್ತದೆ. ಬ್ಯಾಟರಿ ಸೊರಗಿದರೆ ಬೆಳಗಿನ ಜಾವ ಫ್ರಿಜ್ ನಿಲ್ಲುತ್ತದೆ. ನೀರಿನ ಪೈಪು ಸೋರಿದರೆ ಟ್ಯಾಂಕಿನ ಮಟ್ಟ ಹೇಳುತ್ತದೆ, ನಲ್ಲಿಗೆ ಪೈಪ್ ಸಿಕ್ಕಿಸಿಕೊಂಡ ದೋಣಿಯಲ್ಲಿ ಅದೇ ಸೋರಿಕೆ ವರ್ಷಗಟ್ಟಲೆ ನಡೆದರೂ ತಿಳಿಯೋದಿಲ್ಲ. ಸರಪಳಿಯ ಸದ್ದು ಒಡಲಿನ ಮೂಲಕ ತಲೆದಿಂಬಿಗೇ ಬರುತ್ತದೆ, ತಳದಲ್ಲಿ ಬಂಡೆ ಇದೆಯೋ ಮರಳಿದೆಯೋ ಮಲಗಿದಲ್ಲೇ ಹೇಳಬಹುದು. ಆದರೆ ಇಲ್ಲೂ ನಿಂತಲ್ಲೇ ನಿಂತರೆ ಸವೆತ ಇದೆ. ತಳದಲ್ಲಿ ಉಜ್ಜುವ ಸರಪಳಿಯ ಭಾಗದ ಸತುವಿನ ಲೇಪ ಹೋಗಿ ತುಕ್ಕು ಬರುತ್ತದೆ, ಒಮ್ಮೆ ಸರಪಳಿಯ ತುದಿ ಅದಲು ಬದಲು ಮಾಡಿಕೊಳ್ಳಬೇಕು. ಲಂಗರನ್ನು ಸರಪಳಿಗೆ ಜೋಡಿಸುವ ಕೊಂಡಿ, ಅಂದರೆ ಶ್ಯಾಕಲ್ಲಿನ ಪಿನ್ನಿಗೆ ತಂತಿ ಬಿಗಿಯಬೇಕು, ಇಲ್ಲದಿದ್ದರೆ ತಿರುಗಿ ತಿರುಗಿ ಬಿಚ್ಚಿಕೊಳ್ಳುತ್ತದೆ.

ಕರೆಂಟಿನ ಲೆಕ್ಕ ಹೇಳುತ್ತೇನೆ. 12 ವೋಲ್ಟಿನ ಫ್ರಿಜ್ ದಿನಕ್ಕೆ 40ರಿಂದ 60 ಆಂಪ್-ಅವರ್ ತಿನ್ನುತ್ತದೆ. ದೀಪ, ಪಂಪು, ಲ್ಯಾಪ್‌ಟಾಪ್, ಇಂಟರ್ನೆಟ್ ಸೇರಿ 100ರಿಂದ 150 ಅಂತಿಟ್ಟುಕೊಳ್ಳಿ, ಅಂದರೆ ಒಂದೂವರೆ ಕಿಲೋವ್ಯಾಟ್-ಅವರ್ ಆಸುಪಾಸು. ಒಳ್ಳೆ ಬಿಸಿಲಿಗೆ 400 ವ್ಯಾಟ್ ಸೌರಫಲಕ ಇದನ್ನು ಹೆಚ್ಚುಕಡಿಮೆ ತುಂಬಿಸುತ್ತದೆ. ಆದರೆ ಹಾಯಿದೋಣಿಯಲ್ಲಿ ಕಂಬ ಇದೆ, ಹಾಯಿಯ ಕೆಳಗಿನ ಅಡ್ಡಮರ ಬೂಮ್ ಇದೆ, ಹಗ್ಗಗಳಿವೆ, ಒಂದು ಫಲಕದ ಮೂಲೆಗೆ ಕೈ ಅಗಲದ ನೆರಳು ಬಿದ್ದರೂ ಉತ್ಪಾದನೆ ಬಿದ್ದುಹೋಗುತ್ತದೆ. ಹಳೆ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಆಯಸ್ಸು ಕಡಿಮೆ, ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ ಆ ಕಟ್ಟುಪಾಡು ಬಹಳ ಸಡಿಲ. ನೀರು ತಯಾರಿಸುವ ಯಂತ್ರ ಸಮುದ್ರದ ನೀರನ್ನು ಸುಮಾರು 55 ಬಾರ್ ಒತ್ತಡದಲ್ಲಿ ಮೆಂಬ್ರೇನಿನ ಮೂಲಕ ತಳ್ಳುತ್ತದೆ, ಅದಕ್ಕೂ ಕರೆಂಟೇ ಬೇಕು. ಯಂತ್ರ ಇಲ್ಲದಿದ್ದರೆ ಕ್ಯಾನಿನಲ್ಲಿ ಹೊರಬೇಕು, ಹೊತ್ತವರಿಗೆ ಪಾತ್ರೆ ಉಪ್ಪುನೀರಿನಲ್ಲಿ ತೊಳೆದು ಕೊನೆಗಷ್ಟೇ ಸಿಹಿನೀರು ಹಾಕೋದು ಯಾರೂ ಹೇಳಿಕೊಡದೆ ಬರುತ್ತದೆ.

ಲಂಗರಿನ ಬದುಕಿನಲ್ಲಿ ನಿಜವಾಗಿ ಭಯಪಡಬೇಕಾದದ್ದು ಬಿರುಗಾಳಿಯಲ್ಲ, ಡಿಂಗಿ, ಅಂದರೆ ದಡಕ್ಕೆ ಹೋಗಿಬರುವ ಪುಟ್ಟ ದೋಣಿ. ನನ್ನ ಅಭಿಪ್ರಾಯ ಇದು, ಒಪ್ಪದವರೂ ಇದ್ದಾರೆ. ಬಿರುಗಾಳಿಗೆ ಎಲ್ಲರೂ ತಯಾರಾಗುತ್ತಾರೆ. ಡಿಂಗಿ ಪ್ರಯಾಣಕ್ಕೆ ಯಾರೂ ತಯಾರಾಗೋದಿಲ್ಲ, ಅದು ಐದು ನಿಮಿಷದ ದಾರಿ ತಾನೇ ಅಂತ. ಕತ್ತಲಲ್ಲಿ, ಗಾಳಿ ದಡದಿಂದ ಸಮುದ್ರದ ಕಡೆ ಬೀಸುವಾಗ, ಅದರ ಹಿಂದೆ ಸಿಕ್ಕಿಸಿದ ಎಂಜಿನ್, ಅಂದರೆ ಔಟ್‌ಬೋರ್ಡ್ ನಿಂತರೆ ನೀವು ಹೋಗೋದು ಒಂದೇ ದಿಕ್ಕಿಗೆ. ಹುಟ್ಟು, ಟಾರ್ಚು, ಒಂದು ಪುಟ್ಟ ಲಂಗರು, ನೀರು ತಾಗದ ಚೀಲದಲ್ಲಿ ವಿಎಚ್‌ಎಫ್ ರೇಡಿಯೊ ಇಷ್ಟು ಯಾವಾಗಲೂ ಡಿಂಗಿಯಲ್ಲೇ ಇರಲಿ. ಎಂಜಿನ್ ನಿಲ್ಲಿಸುವ ಕಿಲ್ ಕಾರ್ಡ್ ಮಣಿಕಟ್ಟಿಗೋ ಕಾಲಿಗೋ ಕಟ್ಟಿಕೊಳ್ಳಿ. ಅದಿಲ್ಲದೆ ಆಯತಪ್ಪಿ ಬಿದ್ದರೆ ಖಾಲಿ ಡಿಂಗಿ ಸುತ್ತುತ್ತಾ ನಿಮ್ಮ ಮೇಲೇ ಬರುತ್ತದೆ, ಪ್ರೊಪೆಲ್ಲರ್ ಸಮೇತ. ರಾತ್ರಿ ಡಿಂಗಿಯನ್ನು ನೀರಿನಲ್ಲಿ ಬಿಡದೆ ಮೇಲಕ್ಕೆ ಎತ್ತಿ ಕಟ್ಟಿ, ಕಳ್ಳರಿಗೆ ಮೊದಲು ಸಿಗೋದು ಅದೇ. ಕಳ್ಳರ ಮಾತು ಬಂದದ್ದಕ್ಕೆ: ಒಂಟಿಯಾಗಿ ಭೂಮಿ ಸುತ್ತಿದ ಮೊದಲ ನಾವಿಕ ಜೋಶುವಾ ಸ್ಲೋಕಮ್ 1896ರಲ್ಲಿ ಮೆಗೆಲನ್ ಜಲಸಂಧಿಯಲ್ಲಿ ಮಲಗುವ ಮುಂಚೆ ಡೆಕ್ಕಿನ ಮೇಲೆಲ್ಲ ಕಾರ್ಪೆಟ್ಟಿನ ಸಣ್ಣ ಮೊಳೆ ಚೆಲ್ಲುತ್ತಿದ್ದ. ರಾತ್ರಿ ಬರಿಗಾಲಲ್ಲಿ ಹತ್ತಿದವರು ಕಿರುಚಿಕೊಂಡು ವಾಪಸ್ ಹಾರಿದರು. ನೀವು ಹೀಗೆ ಮಾಡಿ ಅಂತಲ್ಲ, ರಾತ್ರಿ ನೀವೇ ಎದ್ದು ಹೊರಗೆ ಹೋಗಬೇಕಾಗುತ್ತದೆ.

ಲಂಗರು ಹಾಕೋದು ಹಕ್ಕು, ಸಮುದ್ರ ಯಾರಪ್ಪನದೂ ಅಲ್ಲ ಅನ್ನುವವರು ಸಿಗುತ್ತಾರೆ. ಕಾನೂನು ಹಾಗಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 18ನೇ ವಿಧಿಯ ಪ್ರಕಾರ ಬೇರೆ ದೇಶದ ಕರಾವಳಿ ನೀರಿನಲ್ಲಿ ಹಾದುಹೋಗುವ ಹಕ್ಕಿದೆ, ನಡುವೆ ಲಂಗರು ಹಾಕೋದು ಆ ಪ್ರಯಾಣಕ್ಕೆ ಸಹಜವಾಗಿ ಬೇಕಾದಾಗ ಅಥವಾ ಆಪತ್ತಿನಲ್ಲಿ ಮಾತ್ರ. ಅಲ್ಲೇ ಮನೆ ಮಾಡುವ ಹಕ್ಕು ಅದರಲ್ಲಿ ಇಲ್ಲ, ಅದು ಆಯಾ ಜಾಗದ ನಿಯಮ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ರಿಚರ್ಡ್‌ಸನ್ ಬೇಯಲ್ಲಿ ದಶಕಗಳಿಂದ ಜನ ಲಂಗರಿನ ಮೇಲೆ ವಾಸ ಮಾಡುತ್ತಾ ಬಂದಿದ್ದರು, ಅಲ್ಲಿನ ಮಿತಿ 72 ಗಂಟೆ. ಸ್ಪೇನಿನ ಬಲೆಯಾರಿಕ್ ದ್ವೀಪಗಳು 2018ರಲ್ಲಿ ಪೊಸಿಡೋನಿಯಾ ಅನ್ನುವ ಸಮುದ್ರದ ಹುಲ್ಲಿನ ಮೇಲೆ ಲಂಗರು ಹಾಕೋದನ್ನು ನಿಷೇಧಿಸಿದವು. ನನಗೆ ಈ ನಿಯಮ ನ್ಯಾಯ ಅನ್ನಿಸುತ್ತದೆ. ಆ ಹುಲ್ಲು ಬಹಳ ನಿಧಾನ ಬೆಳೆಯುತ್ತದೆ, ಸುತ್ತುವ ಸರಪಳಿ ಒಂದು ರಾತ್ರಿಯಲ್ಲಿ ಕಿತ್ತದ್ದು ಮತ್ತೆ ಬರಲು ದಶಕಗಳು ಬೇಕು. ಮರೀನಾಗೆ ಹೋದರೆ ನಿಯಮ ತಪ್ಪುತ್ತದೆ ಅಂದುಕೊಳ್ಳಬೇಡಿ. ಅದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮರೀನಾಗಳಲ್ಲಿ ವಾಸದ ದೋಣಿಗಳು ಸಾಮಾನ್ಯವಾಗಿ ಒಟ್ಟು ಜಾಗದ ಶೇ. 10 ಮೀರುವಂತಿಲ್ಲ. ಬೇರೆ ಕಡೆ ವಾಸವನ್ನೇ ಬಿಡದ ಮರೀನಾಗಳೂ ಇವೆ. ದೋಣಿ ಕೊಳ್ಳುವ ಮುಂಚೆ ಜಾಗ ಕೇಳಿ.

ಹಣದ ವಿಷಯ ಚಿಕ್ಕದು. ಮರೀನಾ ದೋಣಿಯ ಉದ್ದಕ್ಕೆ ತಕ್ಕಂತೆ ಪ್ರತಿ ತಿಂಗಳು ಕೀಳುತ್ತದೆ, ವಾಸಕ್ಕೆ ಬೇರೆ, ಎರಡೊಡಲಿನ ಕ್ಯಾಟಮರಾನ್‌ಗೆ ಇನ್ನೂ ಜಾಸ್ತಿ. ಲಂಗರು ಪುಕ್ಕಟೆ ಅಂತ ಕಾಣುತ್ತದೆ, ಆದರೆ ಸರಪಳಿ, ಬ್ಯಾಟರಿ, ಫಲಕ, ಡಿಂಗಿ, ಔಟ್‌ಬೋರ್ಡ್ ಅಂತ ಮೊದಲೇ ಒಂದು ಗಂಟು ಸುರಿದಿರುತ್ತೀರಿ.

ಕೊನೆಗೆ ಬಹಳ ಜನರ ತೀರ್ಮಾನ ನಿಲ್ಲೋದು ಇದ್ಯಾವುದರ ಮೇಲೂ ಅಲ್ಲ. ದೋಣಿ ಬಿಟ್ಟು ಹೋಗಲು ಆಗುತ್ತದಾ ಅನ್ನೋದರ ಮೇಲೆ. ಮರೀನಾದಲ್ಲಿ ಹ್ಯಾಚಿಗೆ ಬೀಗ ಹಾಕಿ, ಪಕ್ಕದವರಿಗೆ ಹೇಳಿ, ಎರಡು ವಾರ ಊರಿಗೆ ಹೋಗಬಹುದು. ಲಂಗರಿನ ಮೇಲೆ ಎರಡು ರಾತ್ರಿ ಬಿಡಲೂ ಮನಸ್ಸು ಬರೋದಿಲ್ಲ, ವಿಮೆಯವರೂ ಒಪ್ಪಲಿಕ್ಕಿಲ್ಲ. ದಿನಾ ದಡದಲ್ಲಿ ಕೆಲಸ ಇದ್ದರೆ, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದು ಯಾವಾಗ ಬೇಕಾದರೂ ಫೋನ್ ಬರಬಹುದು ಅನ್ನುವ ಹಾಗಿದ್ದರೆ ಮರೀನಾ ಹಿಡಿಯಿರಿ, ಸಂಕೋಚ ಬೇಡ. ಹಿಡಿದ ಮೇಲೆ ತಿಂಗಳಿಗೊಮ್ಮೆಯಾದರೂ ಹಗ್ಗ ಬಿಚ್ಚಿ ಹೊರಗೆ ಹೋಗಿ, ಒಂದು ರಾತ್ರಿ ಲಂಗರಿನ ಮೇಲೆ ಮಲಗಿ ಬನ್ನಿ. ಡೆಕ್ಕಿನ ಮೇಲೆ ಕುಂಡ ಇಡುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ಲಂಗರಿನ ಮೇಲೆ ದೋಣಿ ಪಕ್ಕಕ್ಕೆ ಹೊಯ್ದಾಡಿದರೆ ಹೇಗೆ ಬದುಕೋದು?

ಅದು ಗಾಳಿಯ ಅಲೆಯಲ್ಲ, ದೂರದಿಂದ ಬರುವ ಉದ್ದಲೆ. ಗಾಳಿ ಒಂದು ಕಡೆ, ಉದ್ದಲೆ ಇನ್ನೊಂದು ಕಡೆಯಿಂದ ಬಂದರೆ ದೋಣಿ ಗಾಳಿಗೆ ಮುಖ ಮಾಡಿ ಅಲೆಗೆ ಪಕ್ಕೆ ಕೊಟ್ಟು ನಿಲ್ಲುತ್ತದೆ. ಹಿಂಭಾಗದಿಂದ ಎರಡನೇ ಪುಟ್ಟ ಲಂಗರು ಹಾಕಿ ಮೂತಿಯನ್ನು ಅಲೆಯ ಕಡೆ ತಿರುಗಿಸಿ ಹಿಡಿಯಬಹುದು. ಆದರೆ ಸುತ್ತಲಿನ ದೋಣಿಗಳು ಆಡುವಾಗ ನಿಮ್ಮದು ಮಾತ್ರ ನೆಟ್ಟಗೆ ನಿಂತಿರುತ್ತದೆ, ಒಂದಕ್ಕೊಂದು ತಾಗುವ ಹಾಗಿದ್ದರೆ ಬೇಡ. ಮೊದಲು ಬಂದವರಿಗೆ ಮೊದಲ ಹಕ್ಕು, ಆಮೇಲೆ ಬಂದವರೇ ಜರುಗಬೇಕು. ಅದೂ ಆಗದಿದ್ದರೆ ಜಾಗ ಬದಲಿಸಿ, ದೋಣಿಗೆ ಆ ಅನುಕೂಲ ಇದೆಯಲ್ಲ.

ಪ್ರಶ್ನೆ: ರಾತ್ರಿ ಲಂಗರು ಕಿತ್ತುಬಂದರೆ ಮೊದಲು ಏನು ಮಾಡಬೇಕು?

ಮೊದಲು ಎಂಜಿನ್. ಆದರೆ ಗೇರ್ ಹಾಕುವ ಮುಂಚೆ ಹಿಂದೆ ಟಾರ್ಚು ಬಿಟ್ಟು ಡಿಂಗಿಯ ಹಗ್ಗ ಎಲ್ಲಿದೆ ನೋಡಿ, ಅದು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಕಥೆ ಮುಗಿಯಿತು. ಹಿಂದೆ ಬೇಕಾದಷ್ಟು ಜಾಗ ಇದ್ದರೆ ಇನ್ನಷ್ಟು ಸರಪಳಿ ಬಿಡಿ, ಕೆಲವೊಮ್ಮೆ ಅಷ್ಟಕ್ಕೇ ಮತ್ತೆ ಕಚ್ಚುತ್ತದೆ. ಜಾಗ ಇಲ್ಲದಿದ್ದರೆ ಸ್ನಬ್ಬರ್ ಬಿಚ್ಚಿ, ಎಂಜಿನ್ನಿನಿಂದ ಮೆಲ್ಲಗೆ ಗಾಳಿಗೆದುರಾಗಿ ಮುಂದೆ ಹೋಗುತ್ತಾ ಸಡಿಲಾದ ಸರಪಳಿಯನ್ನು ಮಾತ್ರ ಎತ್ತಿ. ದೋಣಿಯ ಭಾರವನ್ನು ವಿಂಡ್ಲಾಸ್‌ನಿಂದ ಎಳೆಸಬೇಡಿ. ಲಂಗರು ಮೇಲೆ ಬಂದಾಗ ಅಲಗಿಗೆ ಏನು ಅಂಟಿದೆ ನೋಡಿ. ಕೆಸರು ಇದ್ದರೆ ಸರಪಳಿ ಸಾಲದೆ ಕಿತ್ತಿರಬಹುದು, ಅಲ್ಲೇ ಜಾಸ್ತಿ ಬಿಟ್ಟು ಇನ್ನೊಮ್ಮೆ ಹಾಕಬಹುದು. ಹುಲ್ಲಿನ ಗಡ್ಡೆ ಬಂದಿದ್ದರೆ ಎಷ್ಟು ಸಲ ಹಾಕಿದರೂ ಅಷ್ಟೇ, ಬರಿಮರಳು ಇರುವ ಕಡೆ ಹುಡುಕಿಕೊಂಡು ಹೋಗಿ.